ಗುಳೆ ಹೋದವರ ಹಿಂದೆ ದಾಖಲೆಯೂ ಹೋಗಲಿ

ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿಗಳಾಗಿ ಹೊಸದಾಗಿ ಬಂದಿರುವ ತಂಗಿ-ತಮ್ಮಂದಿರೇ,

ನಿಮ್ಮ ಕೈಗೆ ಒಂದು ಟ್ಯಾಬ್ ಬಂದಿದೆ. ಅದರೊಳಗೆ ಆಭಾ, ಇ-ಸಂಜೀವಿನಿ, ನಿಕ್ಷಯ್, ಯು-ವಿನ್, ಆರ್‌ಸಿಎಚ್, ಎನ್‌ಸಿಡಿ ಎಂದು ಹತ್ತಾರು ಕಿಟಕಿ, ಒಂದೊಂದಕ್ಕೂ ಬೇರೆ ಪಾಸ್‌ವರ್ಡ್. ತಿಂಗಳ ಸಭೆಯಲ್ಲಿ ಎಷ್ಟು ಆಯಿತು ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಕೊಡುವುದನ್ನು ತರಬೇತಿಯಲ್ಲಿ ಕಲಿಸಿರುತ್ತಾರೆ. ಯಾರಿಗೆ ಆಯಿತು, ಆದದ್ದರಿಂದ ಆ ಜೀವಕ್ಕೆ ಏನು ಅನುಕೂಲವಾಯಿತು ಎಂದು ಕೇಳುವವರು ಕಡಿಮೆ. ಇದೇ ರಾಯಚೂರು ಜಿಲ್ಲೆಯಲ್ಲಿ ಆರೋಗ್ಯ ಸಹಾಯಕಿಯಾಗಿ ರಿಜಿಸ್ಟರು ಹೊತ್ತು ಊರೂರು ತಿರುಗಿ ನಿವೃತ್ತಳಾದ ನಾನು ಅದನ್ನೇ ಕೇಳುವವಳು. ಅದಕ್ಕೇ ನಾಲ್ಕು ಮಾತು.

ನಮ್ಮ ಸೀಮೆಯ ಜನ ಒಂದು ಕಡೆ ನಿಂತು ಬಾಳುವವರಲ್ಲ. ಸಿಂಧನೂರಿಗೆ ತುಂಗಭದ್ರಾ ಎಡದಂಡೆ ಕಾಲುವೆ ಇದೆ. ನೀರು ಬಿಟ್ಟಾಗ ಭತ್ತದ ನಾಟಿಗೆ ಬೇರೆ ಊರಿನವರು ಬರುತ್ತಾರೆ. ಕಾಲುವೆಯ ಕೊನೆಯ ಭಾಗಕ್ಕೆ ನೀರು ಮುಟ್ಟದ ವರ್ಷ ಅಲ್ಲಿಯವರೇ ಊರು ಬಿಡುತ್ತಾರೆ. ಮಸ್ಕಿ, ಲಿಂಗಸುಗೂರು ಕಡೆಯ ಮಳೆಯಾಶ್ರಿತ ಹಳ್ಳಿಗಳಲ್ಲಿ, ತಾಂಡಾಗಳಲ್ಲಿ, ಸುಗ್ಗಿ ಮುಗಿದ ಮೇಲೆ ಎಷ್ಟೋ ಮನೆಗೆ ಬೀಗ. ಉಳಿದ ಮನೆಗಳಲ್ಲಿ ಮುದುಕರು ಮತ್ತು ಶಾಲೆಯ ಮಕ್ಕಳು ಮಾತ್ರ. ದುಡಿಯುವವರೆಲ್ಲ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ. ಗುಳೆ ಹೋಗದ ಮನೆಯಲ್ಲೂ ಹೆಣ್ಣುಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಹೋಗುತ್ತಾಳೆ. ಹೀಗೆ ಒಬ್ಬ ಸೊಸೆಯ ಆರು ತಿಂಗಳ ತಪಾಸಣೆ ಸಿಂಧನೂರಿನಲ್ಲಿ, ಹೆರಿಗೆ ಲಿಂಗಸುಗೂರಿನಲ್ಲಿ, ಕೂಸಿನ ಮೂರನೇ ಸೂಜಿ ಬೆಂಗಳೂರಿನ ಯಾವುದೋ ಶೆಡ್ಡಿನ ಹತ್ತಿರ. ನಮ್ಮ ಕಾಲದ ರಿಜಿಸ್ಟರು ಈ ಮೂರೂ ಕಡೆ ಹೋಗುತ್ತಿರಲಿಲ್ಲ. ಅದು ಉಪಕೇಂದ್ರದ ಕಪಾಟಿನಲ್ಲಿ ಕೂತಿರುತ್ತಿತ್ತು. ತಾಯಿ ಕಾರ್ಡ್ ಕಳೆದುಹೋದರೆ ಅವಳಿಗೆ ರಕ್ತ ಎಷ್ಟಿತ್ತು, ಹಿಂದಿನ ಹೆರಿಗೆ ಸಿಸೇರಿಯನ್ನೋ ಸಹಜವೋ, ಬಿಪಿ ಏರಿತ್ತೋ ಇಲ್ಲವೋ, ಹೆರಿಗೆ ಕೋಣೆಯಲ್ಲಿದ್ದವರಿಗೆ ತಿಳಿಯುವ ದಾರಿಯೇ ಇರಲಿಲ್ಲ.

ಈ ಟ್ಯಾಬ್ ಆ ದಾರಿಯನ್ನು ಮಾಡಿಕೊಡಬಲ್ಲದು. ನಾನು ಇದರ ಪರವಾಗಿರುವುದು ಈ ಒಂದೇ ಕಾರಣಕ್ಕೆ. ಒಂದು ಹೆಸರನ್ನು ಒಳಗೆ ಹಾಕುವಾಗಲೆಲ್ಲ ನಿಮ್ಮನ್ನು ನೀವೇ ಕೇಳಿಕೊಳ್ಳಿ: ಈಕೆ ನಾಳೆ ಊರು ಬಿಟ್ಟರೆ, ಇವತ್ತು ನಾನು ಬರೆದದ್ದು ಈಕೆಯ ಹಿಂದೆ ಹೋಗುತ್ತದೆಯೇ?

ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2020ರ ಆಗಸ್ಟ್ 15ರಂದು ಘೋಷಣೆಯಾಗಿ, ಆರು ಕೇಂದ್ರಾಡಳಿತ ಪ್ರದೇಶಗಳಲ್ಲಿ ಪ್ರಯೋಗ ನಡೆದು, 2021ರ ಸೆಪ್ಟೆಂಬರ್ 27ರಂದು ದೇಶಕ್ಕೆಲ್ಲ ಬಂತು. ಅದು ಕೊಡುವ ಆಭಾ ಎಂಬುದು 14 ಅಂಕಿಯ ಸಂಖ್ಯೆ. ಆಸ್ಪತ್ರೆಯ ಚೀಟಿ, ಲ್ಯಾಬಿನ ವರದಿ, ಡಿಸ್ಚಾರ್ಜ್ ಕಾಗದ ಆ ಸಂಖ್ಯೆಗೆ ಜೋಡಣೆಯಾದರೆ ಇನ್ನೊಂದು ಊರಿನ ಡಾಕ್ಟರು ರೋಗಿಯ ಒಪ್ಪಿಗೆ ಪಡೆದು ಅದನ್ನು ನೋಡಬಹುದು. ಜೋಡಣೆಯಾಗದಿದ್ದರೆ ಆ 14 ಅಂಕಿಯ ಹಿಂದೆ ಏನೂ ಇರುವುದಿಲ್ಲ. ಕಟ್ಟೆಯ ಮೇಲೆ ಕೂತು ಒಂದೇ ದಿನ ಊರಿಗೂರೇ ಆಭಾ ಮಾಡಿಸಿ ಶಹಬ್ಬಾಸ್ ಅನ್ನಿಸಿಕೊಳ್ಳುವುದು ಸುಲಭ. ಅದರಲ್ಲಿ ಹತ್ತು ಮಂದಿಯ ಬಿಪಿ, ಸಕ್ಕರೆ, ಔಷಧದ ಚೀಟಿಯನ್ನು ಆ ಸಂಖ್ಯೆಗೆ ಸೇರಿಸಿದರೆ ಅದು ಕೆಲಸ.

ಜನರಿಗೆ ಮೊದಲು ಬಿಡಿಸಿ ಹೇಳಬೇಕಾದದ್ದು ಒಂದಿದೆ. ಆಭಾ ಬೇರೆ, ಐದು ಲಕ್ಷದ ಆಯುಷ್ಮಾನ್ ಕಾರ್ಡ್ ಬೇರೆ. ಹೆಸರು ಹತ್ತಿರ ಇರುವುದರಿಂದ ಆಭಾ ಕಾಗದ ಹಿಡಿದುಕೊಂಡು ರಾಯಚೂರಿನ ಖಾಸಗಿ ಆಸ್ಪತ್ರೆಯ ಕೌಂಟರಿನಲ್ಲಿ ನಿಂತು, ‘ಇದಕ್ಕೆ ದುಡ್ಡು ಕೊಡುವುದಿಲ್ಲ’ ಎನ್ನಿಸಿಕೊಂಡು ಬಡ್ಡಿಗೆ ಸಾಲ ಎತ್ತಿದವರಿದ್ದಾರೆ. ನಮ್ಮ ರಾಜ್ಯದಲ್ಲಿ ಆಯುಷ್ಮಾನ್ ಭಾರತ್ ಮತ್ತು ಆರೋಗ್ಯ ಕರ್ನಾಟಕ ಎರಡೂ 2018ರಲ್ಲಿ ಒಂದಾದವು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಪೂರ್ತಿ. ಎಪಿಎಲ್‌ನವರಿಗೆ ನಿಗದಿಯಾದ ದರದ ಶೇ 30 ಭಾಗ. ತುರ್ತು ಇಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದಿದ್ದರೆ ಅವರು ರೆಫರಲ್ ಕೊಡಬೇಕು. ಆ ಒಂದು ಕಾಗದ ಇಲ್ಲದೆ ನೇರವಾಗಿ ಖಾಸಗಿಗೆ ಓಡಿ ಹೊಲ ಮಾರಿಕೊಂಡವರ ಕಥೆ ಪ್ರತಿ ಊರಲ್ಲೂ ಸಿಗುತ್ತದೆ. ನೀವು ದಿನಕ್ಕೆ ಎಷ್ಟು ಆಭಾ ಮಾಡಿದಿರಿ ಎಂಬುದಕ್ಕಿಂತ ಈ ರೆಫರಲ್ಲಿನ ಮಾತನ್ನು ಎಷ್ಟು ಮನೆಗೆ ಮುಟ್ಟಿಸಿದಿರಿ ಎಂಬುದು ನನಗೆ ದೊಡ್ಡದು. ಆಭಾ ಇಲ್ಲ ಎಂದು ಯಾರಿಗೂ ಚಿಕಿತ್ಸೆ ನಿಲ್ಲಿಸುವಂತಿಲ್ಲ, ಅದು ಅವರವರ ಇಚ್ಛೆ. ಇದನ್ನೂ ಬಾಯಿ ಬಿಟ್ಟು ಹೇಳಿ.

ಇನ್ನು ಒಟಿಪಿ. ‘ಯಾರು ಕೇಳಿದರೂ ಒಟಿಪಿ ಹೇಳಬ್ಯಾಡ್ರಿ’ ಎಂದು ಬ್ಯಾಂಕಿನವರು, ಪೊಲೀಸರು, ಮಕ್ಕಳು ಎಲ್ಲರೂ ಕೂಡಿ ನಮ್ಮ ಮುದುಕಿಯರಿಗೆ ಈಗಷ್ಟೇ ಕಲಿಸಿದ್ದಾರೆ. ಮರುದಿನವೇ ನೀವು ಬಾಗಿಲಿಗೆ ಬಂದು ‘ಅಮ್ಮಾ, ಒಟಿಪಿ ಹೇಳು’ ಅನ್ನುತ್ತೀರಿ. ಹಿಂಜರಿದವಳನ್ನು ಗದರಬೇಡಿ, ಅವಳು ಕಲಿತದ್ದು ಸರಿಯಾಗಿಯೇ ಇದೆ. ಮೊದಲು ನಿಮ್ಮ ಗುರುತಿನ ಚೀಟಿ ತೋರಿಸಿ, ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಂಡು ಹೋಗಿ. ಬಂದ ಮೆಸೇಜಿನಲ್ಲಿ ಏನು ಬರೆದಿದೆ ಎಂದು ಪೂರ್ತಿ ಓದಿ ಹೇಳಿ, ಆಮೇಲೆ ಕೇಳಿ. ಎಷ್ಟೋ ಸಲ ಮೆಸೇಜು ಅವಳ ಫೋನಿಗೆ ಬರುವುದೇ ಇಲ್ಲ. ಆಧಾರಿಗೆ ಜೋಡಿಸಿದ ನಂಬರು ಬೆಂಗಳೂರಿನಲ್ಲಿರುವ ಮಗನದೋ, ಆಧಾರ್ ಮಾಡಿಸಿದ ದಿನ ಪಕ್ಕದಲ್ಲಿ ನಿಂತಿದ್ದವನದೋ, ರೀಚಾರ್ಜ್ ಇಲ್ಲದೆ ಸತ್ತುಹೋದ ಸಿಮ್ಮಿನದೋ ಆಗಿರುತ್ತದೆ. ಅವಸರಕ್ಕೆ ನಿಮ್ಮ ನಂಬರನ್ನೋ ಆಶಾ ನಂಬರನ್ನೋ ಹಾಕಿಬಿಡುವ ಆಸೆ ಬರುತ್ತದೆ. ಹಾಕಬೇಡಿ. ನಿಮಗೆ ವರ್ಗವಾದ ಮೇಲೆ ಆ ಊರಿನ ಅರ್ಧ ಜನರ ದಾಖಲೆಯ ಬೀಗದ ಕೈ ನಿಮ್ಮ ಜೇಬಿನಲ್ಲಿ ಹೊರಟುಹೋಗುತ್ತದೆ. ಅಂಥವರನ್ನು ಮೊದಲು ಆಧಾರ್ ಕೇಂದ್ರಕ್ಕೆ ಕಳಿಸಿ, ಮನೆಯಲ್ಲೇ ಉಳಿಯುವ ಒಬ್ಬರ ನಂಬರನ್ನು ಸೇರಿಸಲು ಹೇಳಿ. ಒಂದು ವಾರ ತಡವಾಗಲಿ.

ಹೆಸರಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಹುಲಿಗೆಮ್ಮ ಎಂಬುವಳು ರೇಷನ್ ಕಾರ್ಡಿನಲ್ಲಿ ಹುಲಿಗವ್ವ, ಆಧಾರಿನಲ್ಲಿ ಹುಲಿಗಮ್ಮ, ತಾಯಿ ಕಾರ್ಡಿನಲ್ಲಿ ಗಂಡನ ಮನೆಯವರು ಇಟ್ಟ ಬೇರೆಯೇ ಹೆಸರು. ಹುಟ್ಟಿದ ದಿನ ಎಲ್ಲರದ್ದೂ ಜನವರಿ ಒಂದು. ಯಂತ್ರಕ್ಕೆ ಇವರು ಮೂವರು ಬೇರೆ ಬೇರೆ ಹೆಂಗಸರು. ಮಸ್ಕಿಯವರಿಗೆ ಇದು ತಿಳಿಯದ ಮಾತೇನಲ್ಲ. ದೇಶದ ತುಂಬ ಬಂಡೆಗಳ ಮೇಲೆ ‘ದೇವಾನಾಂಪ್ರಿಯ’ ಎಂದು ಕೆತ್ತಿಸಿದ ಅರಸ ಯಾರೆಂಬುದು ಖಚಿತವಾಗಲು 1915ರಲ್ಲಿ ನಿಮ್ಮ ಊರಿನ ಗುಡ್ಡದ ಬಂಡೆ ಸಿಗಬೇಕಾಯಿತು, ಏಕೆಂದರೆ ಆ ಬಿರುದಿನ ಪಕ್ಕದಲ್ಲೇ ಅಶೋಕ ಎಂಬ ಹೆಸರು ಮೊದಲ ಬಾರಿಗೆ ಕಂಡದ್ದು ಅಲ್ಲಿ. ನಿಮ್ಮ ಟ್ಯಾಬಿನಲ್ಲಿ ಆ ಜೋಡಣೆ ಮಾಡುವವರು ನೀವು. ಹೊಸದಾಗಿ ನೋಂದಾಯಿಸುವ ಮುಂಚೆ ಹಳೆಯದನ್ನು ಹುಡುಕಿ. ಗರ್ಭಿಣಿಯಾದರೆ ತವರಿನಲ್ಲಿ ಆರ್‌ಸಿಎಚ್ ಸಂಖ್ಯೆ ಆಗಿದೆಯೇ ಎಂದು ಅವಳ ತಾಯಿಗೇ ಫೋನು ಹಚ್ಚಿ ಕೇಳಿ. ಒಬ್ಬಳಿಗೆ ಎರಡು ಸಂಖ್ಯೆಯಾದರೆ ಲೆಕ್ಕದಲ್ಲಿ ಇಬ್ಬರು ಬಸುರಿಯರು ಕಾಣುತ್ತಾರೆ, ಅವರಲ್ಲಿ ಒಬ್ಬಳು ಎಂದೂ ಹೆರುವುದಿಲ್ಲ. ನಿಜವಾದವಳ ಮಾತೃವಂದನಾ ಹಣವೂ ಅರ್ಧಕ್ಕೆ ನಿಲ್ಲುತ್ತದೆ.

ಇ-ಸಂಜೀವಿನಿಗೆ ಬರುತ್ತೇನೆ. ದೂರದ ಡಾಕ್ಟರಿಗೆ ಪರದೆಯಲ್ಲೇ ರೋಗಿಯನ್ನು ತೋರಿಸುವ, ಮೊಹಾಲಿಯ ಸಿ-ಡ್ಯಾಕ್ ತಯಾರಿಸಿದ ಈ ವ್ಯವಸ್ಥೆ 2019ರ ನವೆಂಬರಿನಲ್ಲಿ ಶುರುವಾಗಿ, ಕೊರೊನಾ ಕಾಲದಲ್ಲಿ, 2020ರ ಏಪ್ರಿಲ್‌ನಿಂದ ಮನೆಯಲ್ಲಿರುವ ರೋಗಿಗೂ ತೆರೆಯಿತು. 2023ರ ಫೆಬ್ರವರಿಯ ಹೊತ್ತಿಗೆ ದೇಶದಲ್ಲಿ 10 ಕೋಟಿ ಸಮಾಲೋಚನೆ ದಾಟಿತ್ತು. ಕರ್ನಾಟಕಕ್ಕೆ ದೂರದಿಂದ ಚಿಕಿತ್ಸೆ ಮಾಡುವುದು ಹೊಸತೂ ಅಲ್ಲ. ಇಸ್ರೋ ಉಪಗ್ರಹದ ನೆರವಿನಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿದ್ದು ಎರಡು ದಶಕದ ಹಿಂದೆ. ಆಗ ಒಂದು ಊರಿಗೆ ಒಂದು ದೊಡ್ಡ ತಟ್ಟೆ ಆಂಟೆನಾ ಬೇಕಿತ್ತು. ಈಗ ನಿಮ್ಮ ಮೇಜಿನ ಮೇಲಿನ ಟ್ಯಾಬ್ ಸಾಕು. ಸಿಂಧನೂರಿನಿಂದ ರಾಯಚೂರಿಗೆ ಬಸ್ಸಿನಲ್ಲಿ ಹೋಗಿ, ರಿಮ್ಸಿನಲ್ಲಿ ಪಾಳಿ ಹಚ್ಚಿ, ಸಂಜೆ ತಿರುಗಿ ಬರುವುದೆಂದರೆ ಕೂಲಿಯವನಿಗೆ ಒಂದು ದಿನದ ಪಗಾರವೂ ಹೋಯಿತು, ಬಸ್ ಚಾರ್ಜೂ ಹೋಯಿತು. ಚರ್ಮದ ಕಾಯಿಲೆ, ಸಕ್ಕರೆ-ಬಿಪಿಯ ಮಾತ್ರೆ ಬದಲಾವಣೆ, ಮಾನಸಿಕ ಕಾಯಿಲೆಯ ಮುಂದುವರಿದ ಔಷಧ, ಇವೆಲ್ಲ ನಿಮ್ಮ ಕೋಣೆಯಲ್ಲೇ ಮುಗಿದರೆ ಆ ಮನೆಗೆ ಅದು ದೊಡ್ಡ ಉಪಕಾರ.

ಆದರೆ ಪರದೆಯ ಆ ಕಡೆಯ ಡಾಕ್ಟರಿಗೆ ನೀವೇ ಕೈ, ನೀವೇ ಕಣ್ಣು. ಕರೆ ಹಚ್ಚುವ ಮುಂಚೆ ಬಿಪಿ, ನಾಡಿ, ಜ್ವರ, ತೂಕ ನೋಡಿಕೊಳ್ಳಿ. ಕಣ್ಣಿನ ರೆಪ್ಪೆ ಎಳೆದು ರಕ್ತ ನೋಡಿ. ಕಾಲಿನ ಬಾವು ಒತ್ತಿ ನೋಡಿ. ಈಗ ತಿನ್ನುತ್ತಿರುವ ಮಾತ್ರೆಯ ಹಾಳೆಯನ್ನು ಮೇಜಿನ ಮೇಲೆ ಇಟ್ಟುಕೊಳ್ಳಿ. ‘ಎದಿ ಹಿಡದಂಗ ಆಗ್ತೈತ್ರಿ’, ‘ಕಣ್ಣಿಗೆ ಕತ್ತಲಿ ಬರ್ತೈತಿ’ ಎಂದು ನಮ್ಮವರು ಹೇಳುವುದನ್ನು ಬೆಂಗಳೂರಿನ ಹುಡುಗ ಡಾಕ್ಟರಿಗೆ ತಿಳಿಯುವಂತೆ ಹೇಳುವುದೂ ನಿಮ್ಮದೇ ಪಾಲು. ಸಿಂಧನೂರಿನ ಸುತ್ತ ಇನ್ನೂ ಒಂದು ತೊಡಕಿದೆ. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ನೆಲೆ ಕೊಟ್ಟ ಆರ್.ಎಚ್. ಕ್ಯಾಂಪುಗಳಲ್ಲಿ ಬಂಗಾಳಿ, ಆಂಧ್ರದ ರೈತರ ಕ್ಯಾಂಪುಗಳಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ. ಪರದೆಯ ಮುಂದೆ ಕೂತ ಅಜ್ಜಿ ತಲೆಯಾಡಿಸಿದಳೆಂದರೆ ಅವಳಿಗೆ ತಿಳಿಯಿತು ಎಂದುಕೊಳ್ಳಬೇಡಿ. ಡಾಕ್ಟರು ಹೇಳಿದ್ದನ್ನು ಅವಳ ಬಾಯಿಂದಲೇ ತಿರುಗಿ ಹೇಳಿಸಿ. ಅವಳ ಭಾಷೆಯ ನಾಲ್ಕು ಪದ ಕಲಿಯಿರಿ: ನೋವು, ಜ್ವರ, ಊಟದ ಮೊದಲು, ಊಟದ ನಂತರ.

ಗುರಿ ಮುಟ್ಟಿಸಲೆಂದು, ಆಗದ ಕರೆಯನ್ನು ಆಗಿದೆ ಎಂದು ತೋರಿಸುವ ಚಾಳಿಗೆ ಎಂದೂ ಬೀಳಬೇಡಿ. ಕಷ್ಟದಲ್ಲಿ ದುಡಿಯುವ ಒಳ್ಳೆಯವರೂ ಒತ್ತಡಕ್ಕೆ ಹಾಗೆ ಮಾಡಿದ್ದಾರೆ. ಸುಳ್ಳು ಬರೆದ ದಾಖಲೆ ಖಾಲಿ ದಾಖಲೆಗಿಂತ ಕೆಟ್ಟದ್ದು. ನೋಡದ ಗರ್ಭಿಣಿಗೆ ಬಿಪಿ 120/80 ಎಂದು ತುಂಬಿದರೆ, ಅದನ್ನು ನಂಬಿ ಇನ್ನೊಂದು ಊರಿನ ಡಾಕ್ಟರು ಮೋಸ ಹೋಗುತ್ತಾನೆ, ಜೀವ ಹೋಗುವುದು ಅವಳದು. ನೆಟ್‌ವರ್ಕ್ ಇರಲಿಲ್ಲ, ಆಗಲಿಲ್ಲ ಎಂದು ಸಭೆಯಲ್ಲಿ ಎದ್ದು ನಿಂತು ಹೇಳಿ. ಬೈಸಿಕೊಳ್ಳಿ. ನಿಮ್ಮ ತಾಲ್ಲೂಕಿನ ಎಲ್ಲರೂ ಹಾಗೆ ಹೇಳಿದರೆ ನೆಟ್‌ವರ್ಕ್ ಬರುತ್ತದೆ.

ಕೆಲವು ವೇಳೆ ಟ್ಯಾಬನ್ನು ಮುಟ್ಟಲೇಬಾರದು. ಗದ್ದೆಯಲ್ಲಿ ಹಾವು ಕಡಿದವನು ಬಂದರೆ, ಬೆಳೆಗೆ ಎಣ್ಣೆ ಹೊಡೆಯುವಾಗ ತಲೆ ತಿರುಗಿ ಬಿದ್ದವನು ಬಂದರೆ, ಕ್ರಿಮಿನಾಶಕ ಕುಡಿದವನು ಬಂದರೆ, ಬಾಣಂತಿಗೆ ರಕ್ತ ನಿಲ್ಲದಿದ್ದರೆ, ಮೊದಲು 108. ಆಮೇಲೆ ತಾಲ್ಲೂಕು ಆಸ್ಪತ್ರೆಗೆ ಫೋನು, ವಿಷಕ್ಕೆ ಮದ್ದು ಇದೆಯೇ, ರಕ್ತ ಇದೆಯೇ ಎಂದು. ಹಾವಿನ ಕಡಿತವನ್ನು 2024ರ ಫೆಬ್ರವರಿಯಲ್ಲಿ ಕರ್ನಾಟಕ ಕಡ್ಡಾಯವಾಗಿ ವರದಿ ಮಾಡಬೇಕಾದ ವಿಷಯ ಎಂದು ಘೋಷಿಸಿತು. ಅದನ್ನು ಮರೆಯದೆ ನಮೂದಿಸಿ, ಯಾವ ಊರಿಗೆ ಎಷ್ಟು ಮದ್ದು ಬೇಕೆಂಬುದು ಗೊತ್ತಾಗುವುದು ಹಾಗೆಯೇ. ಆದರೆ ನಮೂದು ಆಂಬುಲೆನ್ಸ್ ಹೊರಟ ಮೇಲೆ.

ಎದೆನೋವಿನಲ್ಲಿ ಮಾತ್ರ ಯಂತ್ರ ನಿಜವಾಗಿಯೂ ಹೊತ್ತು ಉಳಿಸುತ್ತದೆ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ರ ವಯಸ್ಸಿಗೆ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ಬಂದ ಹೃದಯ ಜ್ಯೋತಿ ಯೋಜನೆಯಲ್ಲಿ, ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ನೋಡಿ ಹೇಳುತ್ತಾರೆ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಸೂಜಿಯನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಹೊರಗೆ ಅದರ ಬೆಲೆ ಹತ್ತಾರು ಸಾವಿರ. ಮೊದಲ ಕೆಲವು ತಾಸಿನಲ್ಲಿ ಅದು ಬಿದ್ದರೆ ಆಮೇಲೆ ಕಲಬುರಗಿಯ ಜಯದೇವಕ್ಕೆ ಹೋಗಲು ರೋಗಿಗೆ ಜೀವ ಉಳಿದಿರುತ್ತದೆ. ನಿಮ್ಮ ಉಪಕೇಂದ್ರಕ್ಕೆ ಹತ್ತಿರದಲ್ಲಿ ಈ ಸೌಲಭ್ಯ ಎಲ್ಲಿದೆ, ಸೂಜಿ ಎಷ್ಟು ಉಳಿದಿದೆ, ರಾತ್ರಿ ಇಸಿಜಿ ತೆಗೆಯುವವರು ಯಾರು, ಈ ಮೂರನ್ನು ಮೊದಲ ವಾರದಲ್ಲೇ ಕೇಳಿ ಗೋಡೆಗೆ ಬರೆದು ಅಂಟಿಸಿ. ಜೊತೆಗೆ 14416 ಎಂಬ ಟೆಲಿ-ಮಾನಸ್ ಸಂಖ್ಯೆಯನ್ನೂ ಬರೆಯಿರಿ. 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ, ಹಗಲೂ ರಾತ್ರಿಯೂ ಉಚಿತ, ಬಟನ್ ಫೋನಿನಿಂದಲೂ ಆಗುತ್ತದೆ. ಸಾಲಕ್ಕೆ ಹೆದರಿ ಮಾತು ಬಿಟ್ಟು ಕೂತ ರೈತನ ಹೆಂಡತಿಗೆ ಆ ಐದಂಕಿ ಬಾಯಿಪಾಠ ಆಗಿರಬೇಕು.

ಕ್ಷಯದ ವಿಷಯ ಹೇಳದೆ ಬಿಡಲಾರೆ. ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿ ಇದೆ. ಕಲ್ಲಿನ ದೂಳು ಕುಡಿದ ಎದೆಗೆ ಕ್ಷಯ ಬೇಗ ಹತ್ತುತ್ತದೆ, ಮತ್ತು ದೂಳಿನ ಕಾಯಿಲೆ ಯಾವುದು, ಕ್ಷಯ ಯಾವುದು ಎಂದು ಎಕ್ಸ್‌ರೇಯಲ್ಲಿ ಬೇರೆ ಮಾಡಲು ಹಳೆಯ ಎಕ್ಸ್‌ರೇ ಪಕ್ಕದಲ್ಲಿ ಇರಬೇಕು. ಹತ್ತು ವರ್ಷದ ಹಿಂದಿನ ಫಿಲ್ಮು ಮಳೆಗಾಲದಲ್ಲಿ ಅಂಟಿಕೊಂಡು ಹಾಳಾಗಿರುತ್ತದೆ. ಅಂಥ ಮನೆಗೆ ಹೋದಾಗ ಇರುವ ಫಿಲ್ಮುಗಳನ್ನು, ವರದಿಗಳನ್ನು ಬೆಳಕಿಗೆ ಹಿಡಿದು ಫೋಟೊ ತೆಗೆದು ಅವರದೇ ಖಾತೆಗೆ ಸೇರಿಸಿಕೊಡಿ. ಇದು ಯಾವ ಗುರಿಯ ಲೆಕ್ಕದಲ್ಲೂ ಬರುವುದಿಲ್ಲ, ಆದರೂ ಮಾಡಿ. 2012ರಲ್ಲಿ ಶುರುವಾದ ನಿಕ್ಷಯ್ ಗುಳೆ ಹೋಗುವವರಿಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವ ಪೋರ್ಟಲ್ ಎಂದು ನನ್ನ ಎಣಿಕೆ. ಕ್ಷಯದ ಮಾತ್ರೆ ಆರು ತಿಂಗಳು. ಮೂರನೇ ತಿಂಗಳಿಗೆ ಕೆಮ್ಮು ನಿಲ್ಲುತ್ತದೆ, ಮೇಸ್ತ್ರಿ ಕರೆಯುತ್ತಾನೆ, ರೋಗಿ ಬಸ್ಸು ಹತ್ತುತ್ತಾನೆ. ಅರ್ಧಕ್ಕೆ ಬಿಟ್ಟ ಕ್ಷಯ ಔಷಧಕ್ಕೆ ಬಗ್ಗದ ಕ್ಷಯವಾಗಿ ತಿರುಗಿ ಬರುತ್ತದೆ. ಅವನು ಹೊರಡುವ ಮುಂಚೆ ಯಾವ ಬಡಾವಣೆ, ಯಾವ ಮೇಸ್ತ್ರಿ ಎಂದು ಕೇಳಿ, ಅಲ್ಲಿನ ಆರೋಗ್ಯ ಕೇಂದ್ರಕ್ಕೆ ನಿಕ್ಷಯ್‌ನಲ್ಲಿ ವರ್ಗಾಯಿಸಿ, ವರ್ಗಾಯಿಸಿದ ಮೇಲೆ ಆ ಕೇಂದ್ರದ ಸಿಬ್ಬಂದಿಗೆ ನೀವೇ ಫೋನು ಮಾಡಿ. ಬಟನ್ ಒತ್ತಿದ್ದರಿಂದ ಮಾತ್ರೆ ಅವನ ಕೈಗೆ ಬರುವುದಿಲ್ಲ, ಆ ಫೋನಿನಿಂದ ಬರುತ್ತದೆ. ಪೋಷಣೆಯ ಹಣ 2018ರಲ್ಲಿ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರಿನಿಂದ 1000 ಆಗಿದೆ. ಅದು ಅವನ ಖಾತೆಗೆ ಬಿತ್ತೇ ಎಂದೂ ವಿಚಾರಿಸಿ.

ಮಕ್ಕಳ ಸೂಜಿಗೆ ಯು-ವಿನ್ ಇದೆ. ಎಲ್ಲಿ ಹೋದರೂ ಮುಂದಿನ ಸೂಜಿ ಹಾಕಿಸಬಹುದು. ತಾಯಿ ಕಾರ್ಡಿನ ಎರಡೂ ಬದಿಯ ಫೋಟೊವನ್ನು ಗಂಡ-ಹೆಂಡತಿ ಇಬ್ಬರ ಫೋನಿನಲ್ಲೂ ಇಡಿಸಿದರೆ ಇನ್ನೂ ಭದ್ರ.

ಯಂತ್ರ ಎಲ್ಲಿ ಎಡವುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. 2021ರ ಮೇ 1ರಂದು 18ರಿಂದ 44 ವಯಸ್ಸಿನವರಿಗೆ ಕೊರೊನಾ ಲಸಿಕೆ ಶುರುವಾದಾಗ ಕೋ-ವಿನ್‌ನಲ್ಲಿ ಮುಂಗಡ ಸಮಯ ಹಿಡಿಯುವುದು ಕಡ್ಡಾಯವಿತ್ತು. ನಗರದವರು ಹಳ್ಳಿಯ ಕೇಂದ್ರಗಳ ಸಮಯವನ್ನೂ ಹಿಡಿದು ಕಾರಿನಲ್ಲಿ ಬಂದು ಲಸಿಕೆ ಹಾಕಿಸಿಕೊಂಡು ಹೋದರು. ಅದೇ ಊರಿನ ಕೂಲಿ ಹೆಣ್ಣುಮಗಳು ಅಂಗಳದಲ್ಲೇ ನಿಂತಿದ್ದಳು. ಸುಪ್ರೀಂ ಕೋರ್ಟೇ ಆಗ ಈ ಅಂತರದ ಬಗ್ಗೆ ಸರ್ಕಾರವನ್ನು ಕೇಳಿತು. ಮೇ ಕೊನೆಗೆ ಸರ್ಕಾರಿ ಕೇಂದ್ರಗಳಲ್ಲಿ, ಜೂನ್ 21ರಿಂದ ಎಲ್ಲೆಡೆ, ಸ್ಥಳದಲ್ಲೇ ನೋಂದಣಿ ತೆರೆದ ಮೇಲೆ ಜನ ಬಂದರು.

ಇದಕ್ಕೆ ಎದುರಾದ ಉದಾಹರಣೆ ನಮ್ಮ ವಿಭಾಗದ್ದೇ ಇದೆ, ನಮ್ಮವರೇ ಮರೆತಿದ್ದಾರೆ. ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ರಾಜ್ಯದಲ್ಲೆಲ್ಲ ಮೊದಲು ಬಂದದ್ದು ರಾಯಚೂರೂ ಸೇರಿದ ಗುಲ್ಬರ್ಗ ವಿಭಾಗಕ್ಕೆ. ಬಿಪಿಎಲ್ ಕಾರ್ಡು ಇದ್ದರೆ ಸಾಕಿತ್ತು. ಬೇರೆ ನೋಂದಣಿ ಇಲ್ಲ, ಕಂತು ಇಲ್ಲ. ಆಸ್ಪತ್ರೆಯವರೇ ಹಳ್ಳಿಗಳಿಗೆ ಬಂದು ಶಿಬಿರ ಹಾಕಿ, ಹೃದಯದ ಕಾಯಿಲೆ, ಕ್ಯಾನ್ಸರ್ ಇದ್ದವರನ್ನು ಆರಿಸಿ ಕರೆದುಕೊಂಡು ಹೋಗುತ್ತಿದ್ದರು. ಯೋಜನೆ ಇದ್ದ ಹಳ್ಳಿಗಳನ್ನೂ ಗಡಿಯ ಆಚೆ ಯೋಜನೆ ಇಲ್ಲದ ಹಳ್ಳಿಗಳನ್ನೂ ಹೋಲಿಸಿ ಸಂಶೋಧಕರು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು: ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ ಬಡವರ ಸಾವು ಶೇ 64ರಷ್ಟು ಕಡಿಮೆಯಾಗಿತ್ತು. ಒಂದೇ ಒಂದು ಆ್ಯಪ್ ಇರಲಿಲ್ಲ. ಬಾಗಿಲಿಗೆ ಬಂದು ಕರೆದ ಮನುಷ್ಯರಿದ್ದರು, ಒಳಗೆ ಹೋಗಲು ಅಡ್ಡಿ ಇರಲಿಲ್ಲ. ಈಗಿನ ತಂತ್ರಜ್ಞಾನ ಆ ಕೆಲಸದ ಮೇಲೆ ಕೂತರೆ ಇನ್ನೂ ಹೆಚ್ಚು ಜೀವ ಉಳಿಯುತ್ತದೆ. ಆ ಕೆಲಸದ ಬದಲಿಗೆ ಬಂದು ಕೂತರೆ ಉಳಿಯುವುದಿಲ್ಲ.

ಕಾಗದವನ್ನು ಬಿಡಬೇಡಿ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್‌ನ ಸರ್ವರುಗಳ ಮೇಲೆ ಸೈಬರ್ ದಾಳಿಯಾಗಿ, ದಿನಗಟ್ಟಲೆ ಅಲ್ಲಿ ಚೀಟಿ, ಲ್ಯಾಬು, ದಾಖಲಾತಿ ಎಲ್ಲ ಕೈಬರಹದಲ್ಲಿ ನಡೆಯಿತು. ದೇಶದ ದೊಡ್ಡ ಆಸ್ಪತ್ರೆಯ ಗತಿ ಅದಾದರೆ, ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ನಮ್ಮ ಉಪಕೇಂದ್ರದಲ್ಲಿ ಒಂದು ರಿಜಿಸ್ಟರು ಇರಲೇಬೇಕು. ಇಂಗ್ಲೆಂಡಿನವರು 2002ರಲ್ಲಿ ಇಡೀ ದೇಶದ ರೋಗಿಗಳ ದಾಖಲೆಯನ್ನು ಕಂಪ್ಯೂಟರಿಗೆ ತರುವ ದೊಡ್ಡ ಯೋಜನೆ ಹಿಡಿದು, ಕೋಟ್ಯಂತರ ಪೌಂಡು ಸುರಿದು, 2011ರಲ್ಲಿ ಕೈಬಿಟ್ಟರು. ಅದನ್ನು ಬಳಸಬೇಕಾದ ಡಾಕ್ಟರು, ನರ್ಸುಗಳನ್ನು ಸರಿಯಾಗಿ ಕೇಳದೆ ಮೇಲಿನಿಂದ ಹೇರಿದ್ದು ಮುಖ್ಯ ಕಾರಣಗಳಲ್ಲಿ ಒಂದು. ನಿಮಗೆ ಯಾವ ಕಿಟಕಿ ತೆರೆಯುವುದಿಲ್ಲ, ಯಾವ ಮಾಹಿತಿಯನ್ನು ಮೂರು ಕಡೆ ತುಂಬಬೇಕಾಗಿದೆ ಎಂದು ಬರೆದು ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ನಿಮ್ಮ ಆಶಾ ಕಾರ್ಯಕರ್ತೆಯರ ಮಾತನ್ನೂ ಅದರಲ್ಲಿ ಸೇರಿಸಿ. 2025ರ ಜನವರಿಯಲ್ಲಿ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತ ಆಶಾಗಳು ಗೌರವಧನದ ಜೊತೆಗೆ ಪೋರ್ಟಲ್ಲಿನ ತೊಂದರೆಯನ್ನೂ ಹೇಳಿಕೊಂಡಿದ್ದರು. ಅವರ ಸ್ವಂತ ಫೋನು, ಸ್ವಂತ ರೀಚಾರ್ಜಿನ ಮೇಲೆ ನಮ್ಮ ವ್ಯವಸ್ಥೆ ನಡೆಯುತ್ತಿದೆ. ಅವರಿಗೆ ಟ್ಯಾಬು ಕಲಿಸುವಾಗ ದನಿ ಏರಿಸಬೇಡಿ.

ಕೊನೆಗೆ ಗುಟ್ಟಿನ ಮಾತು. ಸಣ್ಣ ಊರಿನಲ್ಲಿ ಯಾರ ಮನೆಗೆ ಯಾವ ಮಾತ್ರೆ ಬಂತು ಎಂಬುದು ಸಂಜೆಯೊಳಗೆ ಕಟ್ಟೆಗೆ ಮುಟ್ಟುತ್ತದೆ. ಎಚ್‌ಐವಿ ಇರುವವರ ಗುಟ್ಟು ಕಾಯಲು 2017ರ ಕಾಯ್ದೆ ಇದೆ, ಎಲ್ಲರ ಮಾಹಿತಿ ಕಾಯಲು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ. ಕಾಯ್ದೆಗಿಂತ ಮೊದಲು ನಿಮ್ಮ ಕೈ ಬಿಗಿ ಇರಬೇಕು. ಕೆಲಸ ಮಾಡಿದ್ದಕ್ಕೆ ಸಾಕ್ಷಿ ಎಂದು ಗರ್ಭಿಣಿಯ, ಕ್ಷಯದವನ, ಮಾನಸಿಕ ರೋಗಿಯ ಫೋಟೊವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ, ಮೇಲಿನವರು ಕೇಳಿದರೂ ಹಾಕಬೇಡಿ. ಸಂಖ್ಯೆ ಕಳಿಸಿ, ಮುಖ ಬೇಡ. ಪಾಸ್‌ವರ್ಡನ್ನು ಟ್ಯಾಬಿನ ಹಿಂದೆ ಚೀಟಿ ಅಂಟಿಸಿ ಇಡಬೇಡಿ. ಮದುವೆಯಾಗದ ಹುಡುಗಿ ಒಬ್ಬಳೇ ಬಂದು ಏನಾದರೂ ಕೇಳಿದರೆ, ಅವಳ ಮೆಸೇಜು ಅಣ್ಣನ ಫೋನಿಗೆ ಹೋಗುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ. ಆ ಒಂದು ಮೆಸೇಜಿನಿಂದ ಅವಳ ಓದು ನಿಲ್ಲಬಹುದು, ಇನ್ನೂ ಕೆಟ್ಟದ್ದಾಗಬಹುದು.

ಇಷ್ಟೆಲ್ಲ ಹೇಳಿ, ಒಂದು ಕೆಲಸ ಕೇಳುತ್ತೇನೆ. ನಿಮ್ಮ ಉಪಕೇಂದ್ರದ ಊರುಗಳಲ್ಲಿ ಗುಳೆ ಹೋಗುವ ಮನೆಗಳ ಪಟ್ಟಿಯನ್ನು ಸುಗ್ಗಿ ಮುಗಿಯುವ ಮುಂಚೆ ಬರೆಯಿರಿ: ಆ ಮನೆಯಲ್ಲಿ ಬಸುರಿ ಯಾರು, ಎರಡು ವರ್ಷದೊಳಗಿನ ಕೂಸು ಎಷ್ಟು, ಕ್ಷಯ, ಸಕ್ಕರೆ, ಬಿಪಿ, ಮೂರ್ಛೆಯ ಮಾತ್ರೆ ತಿನ್ನುವವರು ಯಾರು. ಹೊರಡುವ ಮುಂಚೆ ಅವರ ದಾಖಲೆ ಸರಿಮಾಡಿ, ಒಂದೆರಡು ತಿಂಗಳ ಮಾತ್ರೆ ಕಟ್ಟಿಕೊಡಿಸಿ. ತಿರುಗಿ ಅವರು ಊರಿಗೆ ಬರುವುದು ಮಸ್ಕಿ ಮಲ್ಲಿಕಾರ್ಜುನ ಜಾತ್ರೆಗೆ, ಸಿಂಧನೂರು ಕಡೆಯ ಅಂಬಾಮಠದ ಜಾತ್ರೆಗೆ, ಮುದಗಲ್ಲಿನ ಮೊಹರಂಗೆ. ಮುದಗಲ್ ಮೊಹರಂಗಂತೂ ಜಾತಿ-ಧರ್ಮ ನೋಡದೆ ಬೆಂಗಳೂರು, ಪುಣೆಯಿಂದ ಜನ ತುಂಬಿ ಬರುತ್ತಾರೆ. ಆ ದಿನಗಳಲ್ಲಿ ಒಂದು ಮೇಜು, ಎರಡು ಕುರ್ಚಿ, ಬಿಪಿ ಯಂತ್ರ, ಸೂಜಿಯ ಪೆಟ್ಟಿಗೆ, ನಿಮ್ಮ ಟ್ಯಾಬು ಇಟ್ಟುಕೊಂಡು ಜನ ಓಡಾಡುವ ಕಡೆ ಕೂತುಕೊಳ್ಳಿ. ಹಬ್ಬಕ್ಕೆ ರಜೆ ಹಾಕಬೇಡಿ.